ಕರಿಯಣ್ಣ ಬಾರದೆ ನಾಲ್ಕು ತಿಂಗಳು

ಕಿಗ್ಗ
9 ಸೆಪ್ಟೆಂಬರ್ 2024

ಮುತ್ತಿನಕೊಪ್ಪದ ಶ್ರೀಮತಿ ಮಲ್ಲಿಕಾ ಅವರಿಗೆ,

ಶೃಂಗೇರಿ, ಕೊಪ್ಪ, ನರಸಿಂಹರಾಜಪುರ ಮೂರೂ ತಾಲ್ಲೂಕುಗಳ ಸಮಸ್ತ ನಾಗರಿಕರ ಗಮನಕ್ಕೆ ತರಬೇಕಾದ ವಿಷಯವೊಂದಿದೆ. ಇಂದು ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ನಾನು, ಕಿಗ್ಗದ ಮಂಜಪ್ಪ, ಪ್ರಾಯ ಅರವತ್ತಮೂರು, ಹೊಸ ಗೋಂದಿನ ಬಾಟಲಿಯ ಮುಚ್ಚಳವನ್ನು ಯಾರ ನೆರವೂ ಇಲ್ಲದೆ ತೆಗೆದಿದ್ದೇನೆ. ನನ್ನ ಹೆಂಡತಿ ವನಜಮ್ಮ ಇದಕ್ಕೆ ಸಾಕ್ಷಿ. ಅದನ್ನು ತಿರುಗಿಸಬೇಕಿತ್ತು, ಹಲ್ಲಿನಿಂದ ಕಚ್ಚುವುದಲ್ಲ ಎಂದು ಅವಳ ಹೇಳಿಕೆ. ಅದನ್ನು ದಾಖಲೆಗೆ ಸೇರಿಸಿಲ್ಲ.

ಇಷ್ಟೆಲ್ಲ ಸಾಹಸ ನಿಮಗೊಂದು ಪತ್ರ ಬರೆಯುವುದಕ್ಕಾಗಿ. ನೆರೆನುಡಿ ಪ್ರತಿಷ್ಠಾನದವರ ಯೋಜನೆ ನಿಮಗೂ ಗೊತ್ತಿರಬೇಕು. ತೋಟ ಇರುವವರು ಒಬ್ಬರು, ತೋಟದಲ್ಲಿ ಕೂಲಿ ಮಾಡುವವರು ಒಬ್ಬರು, ಒಬ್ಬರ ಮುಖ ಒಬ್ಬರು ನೋಡಿರಬಾರದು, ತಾಲ್ಲೂಕೂ ಬೇರೆ ಇರಬೇಕು. ಹೀಗೆ ಜೋಡಿ ಮಾಡಿ ಪತ್ರ ಬರೆಸುತ್ತಾರೆ. ಪತ್ರಗಳು ಅವರ ಕಚೇರಿಯ ಮೂಲಕವೇ ಹೋಗಬೇಕು. ಅಂಚೆ ಖರ್ಚು ಅವರದು, ಮುಜುಗರ ನಮ್ಮದು. ಕೊಪ್ಪದಲ್ಲಿ ಈ ಯೋಜನೆ ನೋಡಿಕೊಳ್ಳುವ ರಮ್ಯ ಎಂಬ ಹುಡುಗಿ ನಿಯಮಗಳ ಹಾಳೆ ಕೊಟ್ಟಿದ್ದಾಳೆ. ಇಬ್ಬರೂ ಬಹುವಚನ ಬಳಸಬೇಕು. ಜಾತಿ ಕೇಳಬಾರದು. ಯಾವ ಮನೆಯವರು ಅಂತ ಕೇಳಬಾರದು. ಇವೆರಡನ್ನೂ ಬಿಟ್ಟು ನಮ್ಮ ಕಡೆ ಮಾತು ಶುರು ಮಾಡುವುದು ಹೇಗೆ ಎಂದು ಮಾತ್ರ ಹಾಳೆಯಲ್ಲಿ ಬರೆದಿಲ್ಲ.

ಆದ್ದರಿಂದ ನನ್ನ ವಿಷಯ ಹೇಳಿಬಿಡುತ್ತೇನೆ. ಅಡಿಕೆ ತೋಟವಿದೆ. ಮಂಡಿ ನೋವಿದೆ. ಮೂವತ್ತೊಂದು ವರ್ಷದಿಂದ ಕರಿಯಣ್ಣ ಎಂಬವನು ನಮ್ಮ ತೋಟದ ಮರಗಳಿಂದ ಅಡಿಕೆ ಕೊನೆ ಕೊಯ್ಯುತ್ತಿದ್ದ, ಔಷಧಿ ಹೊಡೆಯುತ್ತಿದ್ದ. ನಾಲ್ಕು ತಿಂಗಳಿಂದ ಬರುತ್ತಿಲ್ಲ. ಜಗಳ ಆಗಿಲ್ಲ. ಬಾಕಿ ಇಲ್ಲ. ದಿನಾ ಏಳೂವರೆಗೆ ಅಂಗಳಕ್ಕೆ ಬಂದು ಬೇಲಿ ಬಾಗಿಲ ದಣಪೆ ಕಡೆ ನೋಡುತ್ತೇನೆ. ಎಂಟಕ್ಕೆ ಒಳಗೆ ಹೋಗುತ್ತೇನೆ. ಎಂಟೂಕಾಲಿಗೆ ಕನ್ನಡಕ ಮರೆತಂತೆ ಮಾಡಿ ಮತ್ತೆ ಬರುತ್ತೇನೆ. ಹೀಗೆ ಸುಮ್ಮನೆ ಹೇಳಿದೆ. ಇದು ಪ್ರಶ್ನೆಯಲ್ಲ.

ಇಂತಿ,
ಮಂಜಪ್ಪ


ಮುತ್ತಿನಕೊಪ್ಪ
27 ಸೆಪ್ಟೆಂಬರ್ 2024

ಮಂಜಪ್ಪನವರಿಗೆ ನಮಸ್ಕಾರ.

ನಿಮ್ಮ ಪತ್ರ ಬಂತು. ಗೋಂದು ಎಷ್ಟು ಹಾಕಿದ್ದೀರೆಂದರೆ ಬಿಡಿಸುವಾಗ ಒಂದು ಮೂಲೆ ಹರಿದೇ ಹೋಯಿತು. ಅಲ್ಲಿ ನಿಮ್ಮ ತೋಟ ಎಷ್ಟು ಎಕರೆ ಅಂತ ಇತ್ತೋ ಏನೋ. ಹೋದದ್ದೇ ಒಳ್ಳೆಯದಾಯಿತು.

ನನಗೆ ಮೂವತ್ತಾರು ವರ್ಷ. ಪಿಯುಸಿ ಮುಗಿಸಿದ್ದೇನೆ. ಈಗ ಅಡಿಕೆ ಸುಲಿಯುತ್ತೇನೆ, ಗದ್ದೆ ನೆಟ್ಟಿಗೂ ಹೋಗುತ್ತೇನೆ. ಶಾಲೆಯಲ್ಲಿ ಪತ್ರಲೇಖನಕ್ಕೆ ನನಗೆ ಹತ್ತಕ್ಕೆ ಒಂಬತ್ತು ಬರುತ್ತಿತ್ತು. ಆಮೇಲೆ ಬರೆಯುವುದಕ್ಕೆ ಯಾರೂ ಸಿಗಲಿಲ್ಲ. ರಜಾ ಅರ್ಜಿಯಾದರೂ ಬರೆಯೋಣವೆಂದರೆ ನಮಗೆ ಅದೂ ಬೇಡ, ಹೋಗದಿದ್ದರೆ ಆಯಿತು, ಅವತ್ತಿನ ಕೂಲಿ ಇಲ್ಲ. ಅದಕ್ಕೇ ರಮ್ಯ ಬಂದು ಕೇಳಿದಾಗ ಹೂಂ ಅಂದೆ. ತೋಟದವರಿಗೆ ಬರೆಯಬೇಕು ಅಂತ ಆಮೇಲೆ ಹೇಳಿದಳು. ಅಷ್ಟರಲ್ಲಿ ಸಹಿ ಹಾಕಿ ಆಗಿತ್ತು.

ನಿಮ್ಮದು ಪ್ರಶ್ನೆಯಲ್ಲ ಅಂದಿರಿ. ಹಾಗಾದರೆ ಇದೂ ಉತ್ತರವಲ್ಲ. ಕೂಲಿ ಕಡಿಮೆ ಆಯಿತು ಅಂತ ಸಿಟ್ಟು ಬಂದವನು ಬಂದು ಕೇಳುತ್ತಾನೆ, ಇಲ್ಲವೆಂದರೆ ನಾಲ್ಕು ಜನರ ಎದುರು ಬೈಯುತ್ತಾನೆ. ಏನೂ ಹೇಳದೆ ಬರುವುದನ್ನೇ ನಿಲ್ಲಿಸಿಬಿಟ್ಟ ಅಂದರೆ ಕೂಲಿಯ ವಿಷಯವಲ್ಲ. ನಾಲ್ಕು ತಿಂಗಳ ಹಿಂದೆ ಅವರ ಮನೆಯಲ್ಲಿ ಏನಾದರೂ ಕಾರ್ಯ ಇತ್ತಾ? ನೆನಪು ಮಾಡಿಕೊಳ್ಳಿ. ಕನ್ನಡಕ ಹಾಕಿಕೊಂಡೇ ಮಾಡಿ.

ಮಲ್ಲಿಕಾ


ಕಿಗ್ಗ
14 ಅಕ್ಟೋಬರ್ 2024

ಮಲ್ಲಿಕಾ ಅವರಿಗೆ,

ನೀವು ಜ್ಯೋತಿಷ್ಯ ಹೇಳುವವರೆಂದು ರಮ್ಯ ತಿಳಿಸಿರಲಿಲ್ಲ. ಇತ್ತು. ಮೇ ತಿಂಗಳಲ್ಲಿ ಕರಿಯಣ್ಣನ ಮಗಳ ಮದುವೆ ಇತ್ತು.

ಕರಿಯಣ್ಣ, ಅವನ ಹೆಂಡತಿ ಸುಬ್ಬಿ ಇಬ್ಬರೂ ಕರೆಯಲು ಬಂದಿದ್ದರು. ಅಂಗಳದಲ್ಲೇ ನಿಂತು, ಮದುವೆ ಕಾಗದದ ಮೇಲೆ ಎಲೆ ಅಡಿಕೆ ಇಟ್ಟು ಕೊಟ್ಟರು. ನನ್ನ ತೋಟದ ಅಡಿಕೆಯನ್ನೇ ನನಗೆ ಕೊಟ್ಟು ಕರೀತೀಯಲ್ಲ ಮಾರಾಯ ಎಂದು ತಮಾಷೆ ಮಾಡಿದೆ. ನಕ್ಕರು. ಖಂಡಿತ ಬರುತ್ತೇವೆ ಎಂದೆ.

ಮದುವೆಯ ದಿನ ಇಸ್ತ್ರಿ ಅಂಗಿ ಹಾಕಿಯಾಗಿತ್ತು. ವನಜ ರೇಷ್ಮೆ ಸೀರೆ ಉಟ್ಟಾಗಿತ್ತು. ಜೀಪಿನ ಬಾಗಿಲು ತೆಗೆದವನಿಗೆ ಒಂದು ಯೋಚನೆ ಬಂತು. ನಾವು ಹೋದರೆ ಅವರಿಗೆ ಎಷ್ಟು ತೊಂದರೆ! ಕೂತವರೆಲ್ಲ ಏಳಬೇಕು. ಎಲ್ಲಿ ಕೂರಿಸುವುದು, ಏನು ಕೊಡುವುದು, ಕೊಟ್ಟರೆ ಇವರು ಉಣ್ಣುತ್ತಾರಾ ಅಂತ ಅವರಿಗೆ ಆತಂಕ. ಗಂಡಿನ ಕಡೆಯವರನ್ನು ಬಿಟ್ಟು ನನ್ನ ಹಿಂದೆ ಓಡಾಡಬೇಕು. ಪಾಪ, ಅವರ ಸಂಭ್ರಮ ಕೆಡಿಸುವುದು ಬೇಡವೆಂದು ನನ್ನ ತಮ್ಮನ ಮಗ ನಿತೀಶನ ಕೈಯಲ್ಲಿ ಕವರ್ ಕಳಿಸಿದೆ. ಚೆನ್ನಾಗಿ ದಪ್ಪವಾದ ಕವರ್. ನಿತೀಶ ಚಪ್ಪರದ ಬಾಗಿಲಲ್ಲೇ ಕೊಟ್ಟು ಬಂದ.

ಇದರಲ್ಲಿ ತಪ್ಪೆಲ್ಲಿದೆ? ಸೌಜನ್ಯದ ಮಿತಿ ಮೀರಿದ್ದೇ ತಪ್ಪಾದರೆ ಒಪ್ಪಿಕೊಳ್ಳುತ್ತೇನೆ. ಮೊನ್ನೆ ಶೃಂಗೇರಿ ಬಸ್ ನಿಲ್ದಾಣದಲ್ಲಿ ಅವನು ಎದುರಾದ. ನನ್ನನ್ನು ಕಂಡವನೇ ಗೋಡೆಯ ಕಡೆ ತಿರುಗಿ, ದನಗಳ ಕಾಲುಬಾಯಿ ಜ್ವರದ ಲಸಿಕೆಯ ಪೋಸ್ಟರ್ ಓದತೊಡಗಿದ. ಕರಿಯಣ್ಣನಿಗೆ ಓದು ಬರುವುದಿಲ್ಲ. ದನವೂ ಇಲ್ಲ.

ನನಗೆ ಊಟ ಸೇರುತ್ತಿಲ್ಲ. ವನಜ ಮಂಡಿಯ ಮಾತ್ರೆಯ ಕಾರಣ ಎನ್ನುತ್ತಾಳೆ.

ಇಂತಿ,
ಮಂಜಪ್ಪ


ಮುತ್ತಿನಕೊಪ್ಪ
2 ನವೆಂಬರ್ 2024

ಮಂಜಪ್ಪನವರಿಗೆ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಬೈಯುವುದೋ ಬೇಡವೋ ಎಂದು ಒಂದು ವಾರ ಬಿಟ್ಟೆ.

ನನ್ನ ಮದುವೆಯ ಕಥೆ ಹೇಳುತ್ತೇನೆ. ಅಪ್ಪ ಒಂದು ತೋಟದವರ ಮನೆಗೆ ಹೋಗಿ ಎಲೆ ಅಡಿಕೆ ಕೊಟ್ಟು ಕರೆದಿದ್ದ. ಅವರೂ ಖಂಡಿತ ಅಂದಿದ್ದರು. ಅವರಿಗೆಂದು ಶಾಲೆಯಿಂದ ಕೈ ಇರುವ ಕುರ್ಚಿ ತಂದಿಟ್ಟೆವು. ಅದಕ್ಕೆ ಅಮ್ಮ ಹೊಸ ಟವೆಲ್ ಹಾಸಿದಳು. ಉಡುಪಿ ಕಡೆ ಹೋಟೆಲಿನಲ್ಲಿ ಕೆಲಸ ಮಾಡಿ ಬಂದಿದ್ದ ಅಡುಗೆಯವನನ್ನೇ ಹುಡುಕಿದ್ದೆವು, ಅವರು ಉಣ್ಣಲಿ ಅಂತ. ಧಾರೆ ಆಯಿತು, ಊಟ ಆಯಿತು. ಮೂರು ಗಂಟೆಯವರೆಗೂ ಆ ಕುರ್ಚಿಯಲ್ಲಿ ಯಾರನ್ನೂ ಕೂರಲು ಬಿಡಲಿಲ್ಲ. ನನ್ನ ಅಜ್ಜಿ ನಿಂತೇ ಇದ್ದಳು. ಮೂರೂವರೆಗೆ ಕವರ್ ಬಂತು. ನಿಮ್ಮದರ ಹಾಗೇ ದಪ್ಪವಾಗಿತ್ತು. ಗಂಡಿನ ಕಡೆಯ ಹಿರಿಯರೊಬ್ಬರು ಅಪ್ಪನನ್ನು ಕೇಳಿದರು, ‘ನಿಮ್ಮ ಯಜಮಾನ್ರು ಬರ್ತಾರೆ ಅಂದಿದ್ರಲ್ಲ?’ ಅಪ್ಪ ಕುರ್ಚಿ ಎತ್ತಿಕೊಂಡು ಶಾಲೆಗೆ ವಾಪಸು ಕೊಡಲು ಹೋದ. ನನ್ನನ್ನು ಕಳಿಸಿಕೊಡುವ ಹೊತ್ತಿಗೂ ಅವನು ಬಂದಿರಲಿಲ್ಲ.

ಹೇಳಿ ಕಳಿಸಿದರೆ ನಾವು ಕೆಲಸಕ್ಕೆ ಬರುತ್ತೇವೆ. ಆದರೆ ಎಲೆ ಅಡಿಕೆ ಕೊಟ್ಟು ಕರೆಯುವುದು ಕೆಲಸಕ್ಕಲ್ಲ. ತೊಂದರೆ ಕೊಡುತ್ತೀರೆಂದು ಗೊತ್ತಿದ್ದೇ ಕರೆಯುವುದು. ಆ ತೊಂದರೆ ನಮಗೆ ಬೇಕಿತ್ತು.

ಒಂದು ಮಾತು ಕೇಳುತ್ತೇನೆ. ಕೊಯ್ಲು ಹತ್ತಿರ ಬಂತು. ನಿಮಗೆ ಬೇಕಾಗಿರುವುದು ಕರಿಯಣ್ಣನೋ, ಕೊನೆ ಕೊಯ್ಯುವವನೋ?

ಮಲ್ಲಿಕಾ


ಕಿಗ್ಗ
22 ನವೆಂಬರ್ 2024

ಮಲ್ಲಿಕಾ ಅವರಿಗೆ,

ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಬರೆಯಲು ನಾಲ್ಕು ಹಾಳೆ ಹಾಳು ಮಾಡಿದೆ. ಕೊಯ್ಯುವವರು ಬೇರೆ ಸಿಗುತ್ತಾರೆ. ಬಸರೀಕಟ್ಟೆಯಿಂದ ಜೀಪಿನಲ್ಲಿ ಬಂದು ಕೊಯ್ದು ಹೋಗುವ ತಂಡವೇ ಇದೆ. ಆದರೆ ಕೊಯ್ಯದ ಕರಿಯಣ್ಣನನ್ನು ನಾನು ಯಾವತ್ತೂ ನೋಡಿಲ್ಲ. ಅದಕ್ಕೇ ಉತ್ತರ ಗೊತ್ತಾಗುತ್ತಿಲ್ಲ.

ಕಳೆದ ಭಾನುವಾರ ಅವನ ಮನೆಗೆ ಹೋದೆ. ಚರಿತ್ರೆಯಲ್ಲಿ ಮೊದಲ ಸಲ. ನಮ್ಮ ಗೇಟಿನಿಂದ ನಡೆದರೆ ಹನ್ನೊಂದು ನಿಮಿಷದ ದಾರಿ. ಕರಿಯಣ್ಣ ಇರಲಿಲ್ಲ. ಸುಬ್ಬಿ ಚಾಪೆ ಹಾಸಿದಳು, ಕೂತೆ. ನನ್ನ ಮಂಡಿಗೆ ಅದು ಏನನ್ನಿಸಿತು ಎಂಬುದು ಬೇರೆ ಅಧ್ಯಾಯ. ಕಾಫಿ ಕೊಟ್ಟರೆ ಕುಡಿಯುತ್ತೀರಾ ಎಂದು ಅವಳು ಕೇಳಲಿಲ್ಲ. ಕೇಳಿದರೆ ಅವಳಿಗೆ ಕಷ್ಟ ಕೊಟ್ಟಂತಾದೀತು ಎಂದು ನಾನೂ ಕೇಳಲಿಲ್ಲ. ನಲವತ್ತು ನಿಮಿಷ ನಾವಿಬ್ಬರೂ ಅವರ ಕೋಳಿಯನ್ನು ನೋಡಿದೆವು. ಆ ಕೋಳಿಗೆ ಅಷ್ಟು ಗೌರವ ಜನ್ಮದಲ್ಲಿ ಸಿಕ್ಕಿರಲಿಕ್ಕಿಲ್ಲ.

ಕರಿಯಣ್ಣ ಬಂದ. ನನ್ನನ್ನು ಕಂಡು ದಂಗಾಗಿ ನಿಂತ. ಹೇಳಬೇಕಾದ್ದನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಅವನೇ ಮೊದಲು ಕೇಳಿದ.

‘ಎಂತ ಅಯ್ಯ, ಕೊಯ್ಲಿಗೆ ಆಳು ಬೇಕಿತ್ತಾ?’

ಮಲ್ಲಿಕಾ, ನಾನು ಹೌದು ಎಂದುಬಿಟ್ಟೆ.

ಯಾಕೆ ಹಾಗೆಂದೆನೋ ಗೊತ್ತಿಲ್ಲ. ಮೂವತ್ತೊಂದು ವರ್ಷದ ಅಭ್ಯಾಸ ಬಾಯಿಯಲ್ಲಿ ಕೂತಿತ್ತು, ಅದೇ ಎದ್ದು ಹೇಳಿತು. ನಾಳೆ ಬಿಟ್ಟು ಮುಂದಿನ ಸೋಮವಾರದಿಂದ ಬರುತ್ತೇನೆ ಎಂದ. ಸುಬ್ಬಿಯ ಮುಖ ನೋಡಲು ಆಗಲಿಲ್ಲ. ಎದ್ದು ಬಂದೆ.

ಇಂತಿ,
ಮಂಜಪ್ಪ


ಮುತ್ತಿನಕೊಪ್ಪ
9 ಡಿಸೆಂಬರ್ 2024

ಮಂಜಪ್ಪನವರಿಗೆ,

ಕೋಳಿಯವರೆಗೆ ಓದಿ ನಕ್ಕೆ. ಆಮೇಲೆ ನಗು ಬರಲಿಲ್ಲ.

ನಿಮ್ಮಂಥವರಿಗೆ ನಾವು ಹೆದರುತ್ತೇವೆ ಅನ್ನುವುದು ನನಗೆ ಗೊತ್ತಿತ್ತು. ನಮ್ಮಂಥವರಿಗೆ ನೀವು ಹೆದರುತ್ತೀರಿ ಅಂತ ಗೊತ್ತಿರಲಿಲ್ಲ. ಇದನ್ನು ಇಲ್ಲಿ ಅಡಿಕೆ ಸುಲಿಯುವ ಚಪ್ಪರದಲ್ಲಿ ಹೇಳಿದರೆ ಯಾರೂ ನಂಬಲಿಲ್ಲ, ನನ್ನ ಪಕ್ಕ ಕೂತು ಸುಲಿಯುವ ಅಪ್ಪ ಕೂಡ.

ಹದಿನಾರನೇ ತಾರೀಕು ಕೊಪ್ಪದಲ್ಲಿ ಪತ್ರ ಬರೆಯುವ ಜೋಡಿಗಳೆಲ್ಲ ಸೇರುವ ಸಮ್ಮಿಲನವಂತೆ. ಊಟ, ಫೋಟೋ, ಮತ್ತೆ ‘ನಿಮ್ಮ ಬಾಂಧವ್ಯಕ್ಕೆ ಹತ್ತಕ್ಕೆ ಎಷ್ಟು ಅಂಕ’ ಅನ್ನುವ ಫಾರಂ ತುಂಬುವುದು. ನಾನು ಬರುವುದಿಲ್ಲ. ಅವತ್ತು ಸೋಮವಾರ. ಸುಲಿತ ಜೋರಾಗಿರುವಾಗ ಒಂದು ದಿನ ಬಿಟ್ಟರೆ ಮರುದಿನ ನನ್ನ ಜಾಗದಲ್ಲಿ ಬೇರೆಯವರು ಕೂತಿರುತ್ತಾರೆ. ಬಸ್ಸಿನ ಚಾರ್ಜು ಕೊಡುತ್ತೇವೆ ಅಂದಿದ್ದಾರೆ. ಬಸ್ಸಿನಲ್ಲಿ ಬರುವುದಕ್ಕೆ ಕಷ್ಟವಿಲ್ಲ. ಯಾವ ದಿನ ಆಗುತ್ತದೆ ಅಂತ ನಮ್ಮನ್ನು ಯಾರೂ ಕೇಳಲಿಲ್ಲ, ಅಷ್ಟೇ.

ಬೇಕಿದ್ದರೆ ಇದನ್ನು ರಮ್ಯಳಿಗೆ ಓದಿ ಹೇಳಿ. ನನ್ನ ಹೆಸರು ಹೇಳಿಯೇ ಹೇಳಿ.

ಮಲ್ಲಿಕಾ


ಕಿಗ್ಗ
28 ಡಿಸೆಂಬರ್ 2024

ಮಲ್ಲಿಕಾ ಅವರಿಗೆ,

ಕೊಪ್ಪದ ಸಮ್ಮಿಲನದ ಅಧಿಕೃತ ವರದಿ: ಹದಿಮೂರು ಜೋಡಿಗಳಲ್ಲಿ ಹದಿಮೂರು ತೋಟದವರು ಹಾಜರು. ಜೋಡಿಯ ಇನ್ನೊಂದು ಕಡೆಯವರು ಸೊನ್ನೆ. ನಾವು ಹದಿಮೂರು ಜನ ಒಬ್ಬರನ್ನೊಬ್ಬರು ಮೊದಲೇ ಬಲ್ಲೆವು. ಅರ್ಧ ಜನ ನೆಂಟರು. ಗೋಡೆಯ ಮೇಲೆ ‘ಅಂತರ ದಾಟೋಣ’ ಎಂಬ ಬ್ಯಾನರ್. ಅದರ ಕೆಳಗೆ ಕೂತು ಹೋಳಿಗೆ ತಿಂದು, ಅಡಿಕೆ ಧಾರಣೆ ಮಾತಾಡಿದೆವು. ಪ್ರತಿಷ್ಠಾನದಿಂದ ಬಂದಿದ್ದ ಯಶವಂತ ಎಂಬ ಅಧಿಕಾರಿ ಕ್ಯಾಮೆರಾ ಹಿಡಿದು, ಇದರಲ್ಲಿ ಕೂಲಿಯವರು ಯಾರು ಎಂದು ಮೆಲ್ಲಗೆ ರಮ್ಯಳನ್ನು ಕೇಳಿದರು. ಆ ಹುಡುಗಿಯ ಕಣ್ಣಲ್ಲಿ ನೀರು ಬಂತು.

ಊಟದ ನಂತರ ಅವಳಿಗೆ ನಿಮ್ಮ ಪತ್ರ ಓದಿ ಹೇಳಿದೆ, ಹೆಸರು ಹೇಳಿಯೇ. ಅವಳು ಅದನ್ನು ಯಶವಂತರ ಎದುರು ಮತ್ತೊಮ್ಮೆ ಓದಿಸಿದಳು. ಅವರು ಕ್ಯಾಮೆರಾವನ್ನು ಚೀಲದೊಳಗೆ ಇಟ್ಟರು. ನಾನೂ ಒಂದು ಮಾತು ಸೇರಿಸಿದೆ. ಈ ಯೋಜನೆಯಲ್ಲಿ ನನಗೆ ಉಪಯೋಗವಾದದ್ದು ಹೋಳಿಗೆಯಲ್ಲ, ನನ್ನ ಹಂಗಿಲ್ಲದ ಒಬ್ಬರು ನನಗೆ ನಿಜ ಹೇಳಿದ್ದು. ಅದಕ್ಕೆ ಬೇಕಾದದ್ದು ಅಂಚೆಚೀಟಿ ಮತ್ತು ಸಮಯ ಎಂದೆ. ಮೂರೇ ತಿಂಗಳಲ್ಲಿ ಫಲಿತಾಂಶ ಕೇಳಿದರೆ ನಾನು ಹತ್ತಕ್ಕೆ ಎರಡು ಎಂದು ಬರೆಯಬೇಕಾಗುತ್ತದೆ.

ಎರಡು ಯಾಕೆಂದರೆ ಕರಿಯಣ್ಣ ಬರುತ್ತಿದ್ದಾನೆ. ಹೇಳಿದ ಸೋಮವಾರವೇ ಬಂದ. ತುದಿಗೆ ಕತ್ತಿ ಕಟ್ಟಿದ ಉದ್ದನೆಯ ದೋಟಿ ಹಿಡಿದು ನೆಲದಿಂದಲೇ ಕೊಯ್ಯುತ್ತಾನೆ, ಕಾಫಿ ಕುಡಿಯುತ್ತಾನೆ, ಲೋಟ ತೊಳೆದು ಕವುಚಿಟ್ಟು ಹೋಗುತ್ತಾನೆ. ಊರಿನ ಕಣ್ಣಿಗೆ ಎಲ್ಲ ಸರಿಹೋಗಿದೆ. ಮುಂಚೆ, ‘ಅಯ್ಯ, ಈ ಮರ ಹೋಯ್ತು’ ಅಂತಲಾದರೂ ಕೂಗುತ್ತಿದ್ದ. ಈಗ ಒಣಗಿ ಹೋದ ಮರವನ್ನು ನಾನೇ ಹುಡುಕಿಕೊಳ್ಳಬೇಕು. ಅವನು ಬಾರದಿದ್ದಾಗ ಇದ್ದದ್ದಕ್ಕಿಂತ ಈಗ ಭಯ ಹೆಚ್ಚು. ಕೊಯ್ಲು ಮುಗಿದ ದಿನ ಅವನು ಹೋದರೆ, ಹೋಗಲು ಕಾರಣವೇ ಬೇಕಾಗಿಲ್ಲ.

ಇಂತಿ,
ಮಂಜಪ್ಪ


ಮುತ್ತಿನಕೊಪ್ಪ
20 ಜನವರಿ 2025

ಮಂಜಪ್ಪನವರಿಗೆ,

ರಮ್ಯ ಇಲ್ಲಿಗೆ ಬಂದಿದ್ದಳು. ಸುಲಿಯುವ ಚಪ್ಪರದಲ್ಲೇ ಕೂತಳು. ನಮ್ಮ ಕೆಲಸ ಮುಗಿಯುವವರೆಗೆ ಬಾಯಿ ಬಿಡಲಿಲ್ಲ. ಅಡಿಕೆ ಸುಲಿಯಲು ಹೋಗಿ ಬೆರಳು ಕೊಯ್ದುಕೊಂಡಳು; ಹಾಗಾಗಿ ಎಲ್ಲರಿಗೂ ಅವಳ ಮೇಲೆ ಪ್ರೀತಿ ಬಂತು. ಇನ್ನು ಕೊಪ್ಪದಲ್ಲಿ ಸಮ್ಮಿಲನ ಇಲ್ಲವಂತೆ. ಪತ್ರ ಇನ್ನೊಂದು ವರ್ಷ ನಡೆಯುತ್ತದಂತೆ, ಫಾರಂ ಇಲ್ಲ, ವಿಳಾಸ ಗೊತ್ತಿದ್ದವರು ನೇರವಾಗಿ ಬರೆಯಬಹುದು. ಸೇರುವುದಿದ್ದರೆ ದಿನ ನಾವೇ ಹೇಳಬೇಕು, ಅವತ್ತಿನ ಕೂಲಿ ಅವರೇ ಕೊಡುತ್ತಾರೆ. ಯಾವ ದಿನ ಅಂತ ಕೇಳಿದಳು. ಥಟ್ಟಂತ ಯಾರಿಗೂ ಹೇಳಲು ಬರಲಿಲ್ಲ. ಕೇಳಿಸಿಕೊಂಡು ಅಭ್ಯಾಸವಿಲ್ಲ.

ನಿಮ್ಮ ಕರಿಯಣ್ಣನ ವಿಷಯ. ನನಗೆ ಅಕ್ಟೋಬರಿನಲ್ಲಿ ಬರೆದದ್ದನ್ನು ಅವರಿಗೆ ಹೇಳಿ. ಅಂಗಿ ಇಸ್ತ್ರಿ ಮಾಡಿದ್ದು, ಜೀಪಿನ ಬಾಗಿಲು ತೆಗೆದದ್ದು, ಆಮೇಲೆ ಹೆದರಿದ್ದು. ಪಾಪ ಅವರಿಗೆ ತೊಂದರೆ ಅನ್ನುವುದನ್ನು ಮಾತ್ರ ಬಿಟ್ಟುಬಿಡಿ. ಅದು ನಿಜವಲ್ಲ, ನಿಮಗೂ ಗೊತ್ತು. ಕೊಯ್ಲು ಮುಗಿಯುವ ಮೊದಲು ಹೇಳಿ. ಬಾಯಿಪಾಠ ಮಾಡಬೇಡಿ.

ಮಲ್ಲಿಕಾ


ಕಿಗ್ಗ
21 ಫೆಬ್ರವರಿ 2025

ಮಲ್ಲಿಕಾ ಅವರಿಗೆ,

ಹೇಳಿದೆ.

ಕೊಯ್ಲು ಮುಗಿಯಲು ಎರಡು ದಿನ ಇತ್ತು. ಅಷ್ಟು ದಿನ ಮುಂದೂಡಿದ್ದಕ್ಕೆ ನನ್ನಲ್ಲಿ ಹದಿನಾಲ್ಕು ಕಾರಣಗಳಿವೆ, ಒಂದೂ ಓದಲು ಯೋಗ್ಯವಲ್ಲ. ಅವನು ದೋಟಿ ಮೇಲೆತ್ತಿದ್ದ, ನಾನು ಪಕ್ಕದಲ್ಲಿ ನಿಂತಿದ್ದೆ. ಅವನ ಮುಖ ಮೇಲಕ್ಕಿದ್ದಾಗಲೇ ಹೇಳುವುದು ಸುಲಭ ಅನ್ನಿಸಿತು.

‘ಕರಿಯಣ್ಣ, ನಿನ್ನ ಮಗಳ ಮದುವೆಗೆ ನಾನು ಹೊರಟಿದ್ದೆ. ಜೀಪಿನ ಬಾಗಿಲು ತೆಗ್ದವನು ಹೆದರಿ ವಾಪಸು ಒಳಗೆ ಹೋದೆ.’

ದೋಟಿ ಕೆಳಗೆ ಬಂತು. ತುದಿಯಲ್ಲಿ ಅಡಿಕೆ ಕೊನೆ ಇರಲಿಲ್ಲ, ಬರೀ ದೋಟಿ.

‘ಎಂತಕ್ಕೆ ಹೆದರಿಕೆ ಅಯ್ಯ?’

‘ನಿನ್ನ ಮನೇಲಿ ಹೇಗೆ ಕೂರ್ಬೇಕು, ಹೇಗೆ ಉಣ್ಬೇಕು ಅಂತ ಗೊತ್ತಾಗ್ಲಿಲ್ಲ ಮಾರಾಯ.’

ಅವನು ದೋಟಿಯನ್ನು ಮರಕ್ಕೆ ಒರಗಿಸಿದ. ತಲೆಯ ಮೇಲಿನ ಅಡಿಕೆ ಹಾಳೆಯ ಟೊಪ್ಪಿ ತೆಗೆದು ಅದರೊಳಗೆ ಏನೋ ಹುಡುಕಿದಂತೆ ನೋಡಿದ. ‘ನಾನೂ ಅವತ್ತು ನೀವು ಬರ್ದೇ ಇದ್ರೆ ಸಾಕಪ್ಪ ಅಂತ ಒಂದು ಗಳಿಗೆ ಅಂದ್ಕೊಂಡಿದ್ದೆ,’ ಎಂದ. ‘ಆಮೇಲೆ ನೀವು ಬರ್ಲೇ ಇಲ್ಲ. ನನ್ನ ಮೇಲೇ ಸಿಟ್ಟು ಬಂತು. ಅದನ್ನ ನಿಮ್ಮ ಮೇಲೆ ಹಾಕ್ದೆ.’

ಇಷ್ಟೇ. ಮತ್ತೆ ದೋಟಿ ಎತ್ತಿದ. ಸ್ವಲ್ಪ ಹೊತ್ತಿಗೆ ಮೇಲೆ ನೋಡುತ್ತಲೇ, ‘ಹೆಂಡ್ತಿ ಹೇಳಿದ್ಲು, ನೀವು ಮನೆಗೆ ಬಂದಾಗ ಕಾಫಿ ಕಾಯಿಸಿ ಇಟ್ಟಿದ್ಲಂತೆ, ಕೊಡ್ಲಿಕ್ಕೆ ಆಗ್ಲಿಲ್ಲ ಅಂತ,’ ಎಂದ. ನಾನು ನನ್ನ ಮಂಡಿಯ ಕಾರಣ ಹೇಳಿ ಅಲ್ಲೇ ಮರದ ಬುಡದಲ್ಲಿ ಕೂತೆ. ಮಂಡಿ ಅವತ್ತು ಚೆನ್ನಾಗಿಯೇ ಇತ್ತು.

ಎಲ್ಲ ಸರಿಹೋಯಿತು ಎಂದು ಬರೆದರೆ ನೀವು ನಂಬುವುದಿಲ್ಲ. ಕೊಯ್ಲು ಮುಗಿಯಿತು, ಅವನು ಬರುವುದು ನಿಂತಿತು. ನಾಲ್ಕು ದಿನ ನಾನು ಮತ್ತೆ ಕನ್ನಡಕ ಮರೆಯತೊಡಗಿದೆ. ಐದನೇ ದಿನ ಸುಬ್ಬಿ ಕುಂಕುಮದ ಭರಣಿ ಹಿಡಿದು ಬಂದಳು. ಮಗಳು ಬಸುರಿ. ಮಾರ್ಚ್ ಆರನೇ ತಾರೀಕು ಗುರುವಾರ ಬಯಕೆ ಊಟ. ವನಜಳಿಗೆ ಕುಂಕುಮ ಕೊಟ್ಟು, ಬರಬೇಕೆಂದು ಹೇಳಿ ಹೋದಳು. ಅದು ಹೆಂಗಸರ ಕಾರ್ಯ, ನನ್ನನ್ನು ಕರೆಯುವಂತಿಲ್ಲ. ವನಜ ಖಂಡಿತ ಬರ್ತೇನೆ ಎನ್ನಲಿಲ್ಲ. ‘ಎಷ್ಟು ಗಂಟೆಗೆ ಬರ್ಲಿ?’ ಎಂದು ಕೇಳಿದಳು. ಆ ಉತ್ತರ ಮೇ ತಿಂಗಳಲ್ಲಿ ನನಗೆ ಹೊಳೆಯಲಿಲ್ಲವಲ್ಲ ಎಂದು ಅವಳನ್ನೇ ನೋಡಿದೆ.

ಮರುದಿನ ದಾರಿಯಲ್ಲಿ ಕರಿಯಣ್ಣ ಸಿಕ್ಕಿದ. ಪೋಸ್ಟರ್ ಓದಲಿಲ್ಲ. ವನಜಳನ್ನು ಕರೆತರಲು ಯಾರಾದರೂ ಬೇಕಲ್ಲ, ನಾನು ಬರಬಹುದೇ ಎಂದು ಕೇಳಿದೆ. ಕೇಳುವಾಗ ನನ್ನ ಧ್ವನಿ ಕೂಲಿ ಕೇಳುವವರ ಧ್ವನಿಯ ಹಾಗಿತ್ತು ಎಂದು ನನಗೇ ಅನ್ನಿಸಿತು.

‘ಬನ್ನಿ,’ ಎಂದ. ‘ಒಳಗೆ ಗಂಡಸರಿಗೆ ಕೆಲಸ ಇಲ್ಲ. ನಾನೂ ಹೊರಗೇ ಕೂತಿರ್ತೇನೆ.’

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಮುಗಿದಿಲ್ಲ. ಬಯಕೆ ಊಟ ಎಂದರೆ ಕಡಿಮೆಯೆಂದರೂ ಎರಡು ಗಂಟೆ. ಅಷ್ಟು ಹೊತ್ತು ನಾನು ಮತ್ತು ಕರಿಯಣ್ಣ ಅವನ ಮನೆಯ ಹೊರಗೆ ಅಕ್ಕಪಕ್ಕ ಕೂತಿರಬೇಕು. ತಲೆಯ ಮೇಲೆ ಮರ ಇಲ್ಲ, ಕೈಯಲ್ಲಿ ದೋಟಿ ಇಲ್ಲ. ನೆನಪು ಮಾಡಿಕೊಂಡು ನೋಡಿದೆ: ಮೂವತ್ತೊಂದು ವರ್ಷದಲ್ಲಿ ಅಡಿಕೆ, ಔಷಧಿ, ಮಂಗ, ಮಳೆ ಇವನ್ನು ಬಿಟ್ಟು ನಾವಿಬ್ಬರೂ ಒಂದೇ ಒಂದು ಮಾತು ಆಡಿಲ್ಲ. ಅವನಿಗೆ ಏನು ಇಷ್ಟ, ಸಣ್ಣವನಿದ್ದಾಗ ಎಲ್ಲಿದ್ದ, ಅವನ ಅಪ್ಪನ ಹೆಸರೇನು, ಒಂದೂ ನನಗೆ ಗೊತ್ತಿಲ್ಲ. ಮೊನ್ನೆ ಕನ್ನಡಿ ಎದುರು ಅಭ್ಯಾಸ ಮಾಡಿದೆ. ಮೂರನೇ ವಾಕ್ಯಕ್ಕೇ ಮಾತು ಅಡಿಕೆಯ ಕೊಳೆ ರೋಗಕ್ಕೆ ಬಂದು ನಿಂತಿತು.

ಆದ್ದರಿಂದ ಒಂದು ಉಪಕಾರ ಆಗಬೇಕು. ಕೆಲಸ ಮುಗಿಸಿ ಕೂತಾಗ ನಿಮ್ಮ ಅಪ್ಪ ಏನೇನು ಮಾತಾಡುತ್ತಾರೆ ಎಂದು ನೋಡಿ, ಅದರಲ್ಲಿ ಮೂರು ವಿಷಯ ಒಂದು ಕಾರ್ಡಿನಲ್ಲಿ ಬರೆದು, ನೇರವಾಗಿ ಕಿಗ್ಗಕ್ಕೇ, ಐದನೇ ತಾರೀಕಿನ ಒಳಗೆ ಸಿಗುವ ಹಾಗೆ ಹಾಕಿ. ಮೂರು ಆಗದಿದ್ದರೆ ಒಂದಾದರೂ ಸಾಕು.

ಇಂತಿ,
ಮಂಜಪ್ಪ